ಬ್ರೆಡ್ ಪ್ಯಾನ್‌ನಲ್ಲಿ ಎಷ್ಟು ಕ್ವಾರ್ಟರ್ ಹಿಡಿಸುತ್ತೆ?

ನಮ್ಮ ಅಪಾರ್ಟ್‌ಮೆಂಟಿನ ವಾಷಿಂಗ್ ಮಷಿನ್‌ಗೆ ಇನ್ನೂ ಚಿಲ್ಲರೆಯೇ ಬೇಕು. ಹಾಗಾಗಿ ಬ್ಯಾಂಕಿನಿಂದ ಕ್ವಾರ್ಟರ್ ಸುರುಳಿಗಳನ್ನು ತಂದಿಟ್ಟಿರುತ್ತೇನೆ. ಊರಿನಲ್ಲಿ ಕ್ವಾರ್ಟರ್ ಅಂದರೆ ಏನು ಅಂತ ನಿಮಗೇ ಗೊತ್ತು, ಇಲ್ಲಿ ಅಮೆರಿಕದಲ್ಲಿ ಅದು 25 ಸೆಂಟಿನ ಬಿಲ್ಲೆ. ಒಂದು ಸುರುಳಿಗೆ 40. ಕಳೆದ ಶನಿವಾರ ಎರಡು ಸುರುಳಿ ಒಡೆದು ಬ್ರೆಡ್ ಪ್ಯಾನ್‌ಗೆ ಸುರಿದೆ. ಸದ್ದು ಕೇಳಿ ಬಂದ ಹೆಂಡತಿ ಸುಮ್ನೆ ಒಂದು ನಿಮಿಷ ನೋಡಿ ಹೋದಳು.

ಇದಕ್ಕೆಲ್ಲ ಕಾರಣ ಪಾಂಗ್, ಕ್ವಾರ್ಟರ್ ಹಾಕಿ ಪರದೆಯ ಮೇಲೆ ಚೆಂಡು ಹೊಡೆದಾಡುವ ಹಳೇ ವಿಡಿಯೋ ಗೇಮ್. ನಾವಿರುವುದು ಸನಿವೇಲ್‌ನಲ್ಲಿ. ದಿನಸಿ ತರಲು ಹೋಗುವಾಗ ಎಲ್ ಕಮಿನೊ ರಿಯಲ್ ರಸ್ತೆಯಲ್ಲಿ ಒಂದು ಕಾಮಿಡಿ ಕ್ಲಬ್ ಸಿಗುತ್ತದೆ. 1972ರಲ್ಲಿ ಅದು ಆಂಡಿ ಕ್ಯಾಪ್ಸ್ ಅನ್ನುವ ಬಾರ್. ಅಟಾರಿ ಕಂಪನಿಯವರು ಪಾಂಗ್ ಆಟದ ಮೊದಲ ಯಂತ್ರವನ್ನು ಜನ ಆಡ್ತಾರಾ ಅಂತ ನೋಡೋಕೆ ತಂದಿಟ್ಟಿದ್ದು ಅಲ್ಲೇ. ಮಾಡಿದವನು ಆಲ್ ಅಲ್ಕಾರ್ನ್. ಅಂಗಡಿಯಿಂದ 75 ಡಾಲರ್‌ನ ಹಿಟಾಚಿ ಟಿವಿ ತಂದು ಮರದ ಪೆಟ್ಟಿಗೆಯಲ್ಲಿ ಕೂರಿಸಿದ್ದ. ಅವನ ಬಾಸ್ ನೋಲನ್ ಬುಶ್ನೆಲ್ 'ಜನರಲ್ ಎಲೆಕ್ಟ್ರಿಕ್‌ನವರ ಆರ್ಡರ್ ಇದೆ' ಅಂತ ಸುಳ್ಳು ಹೇಳಿ ಇದನ್ನು ಮಾಡಿಸಿದ್ದ. ಹೊಸ ಹುಡುಗನಿಗೆ ಕೈ ಪಳಗಲಿ ಅಂತ ಅಷ್ಟೆ.

ಮುಂದಿನ ಕಥೆ ನೀವೂ ಕೇಳಿರಬಹುದು. ಯಂತ್ರ ಕೆಟ್ಟಿದೆ ಅಂತ ಬಾರ್‌ನಿಂದ ಫೋನ್ ಬರುತ್ತದೆ. ಅಲ್ಕಾರ್ನ್ ಹೋಗಿ ತೆಗೆದು ನೋಡಿದರೆ ಕೆಟ್ಟೇ ಇಲ್ಲ, ದುಡ್ಡು ತುಂಬಿ ತುಳುಕಿ ಕಚ್ಚಿಕೊಂಡಿದೆ! ಒಳಗೆ ಬಿಲ್ಲೆ ಬೀಳಲು ಇಟ್ಟಿದ್ದ ಪಾತ್ರೆ ಯಾವುದು ಅನ್ನುವುದು ಮಾತ್ರ ಹೇಳುವವರ ಬಾಯಿಗೆ ತಕ್ಕ ಹಾಗೆ ಬದಲಾಗುತ್ತದೆ. ಒಂದು ಕಡೆ ಕತ್ತರಿಸಿದ ಹಾಲಿನ ಡಬ್ಬ, ಇನ್ನೊಂದು ಕಡೆ ಬ್ರೆಡ್ ಪ್ಯಾನ್. ಕೆಲವರ ಬಾಯಲ್ಲಿ ಇದೆಲ್ಲ ಒಂದೇ ರಾತ್ರಿಯಲ್ಲಿ ಆಗಿಬಿಡುತ್ತದೆ.

ನನ್ನ 80 ಬಿಲ್ಲೆ ಪ್ಯಾನ್‌ನಲ್ಲಿ ಒಂದು ಬೆರಳ ದಪ್ಪಕ್ಕೂ ಏರಲಿಲ್ಲ. ಲೆಕ್ಕ ಹಾಕಿದೆ. ತುಂಬಬೇಕಾದರೆ ಸುಮಾರು ಸಾವಿರ ಬೇಕು. ಸಾವಿರ ಕ್ವಾರ್ಟರ್ ಅಂದರೆ ಐದೂವರೆ ಕಿಲೋಗಿಂತ ಜಾಸ್ತಿ ತೂಕ. ಒಂದು ಆಟಕ್ಕೆ ಮೂರು ನಿಮಿಷ ಅಂತಿಟ್ಟುಕೊಂಡರೂ 50 ಗಂಟೆ ಆಡಬೇಕು. ಬಿಲ್ಲೆಗಳು ಒಂದೇ ಕಡೆ ಗುಡ್ಡೆಯಾಗಿ ಬಾಯಿ ಕಟ್ಟಿತು ಅನ್ನಿ, ಅರ್ಧ ಸಾಕು. ಆದರೂ ಒಂದು ರಾತ್ರಿ ಅಂದರೆ ನಂಬಲಾರೆ. ಯಂತ್ರ ಇಟ್ಟು ಒಂದೂವರೆ ವಾರಕ್ಕೂ ಹೆಚ್ಚಾದ ಮೇಲೆ ಫೋನ್ ಬಂತು ಅನ್ನುವ ವಿವರವೂ ಇದೆ. ನನ್ನ ಪ್ಯಾನ್‌ನ ಓಟು ಅದಕ್ಕೇ.

ದುಡ್ಡಿನ ಲೆಕ್ಕ ಹಿಡಿದರೆ, ಬಿಲ್ಲೆ ಹಾಕಿ ಆಡುವ ವಿಡಿಯೋ ಗೇಮ್ ಮೊದಲು ತಂದವರು ಯಾರು ಅನ್ನುವ ಜಗಳವೂ ಬೇರೆ ತರ ಕಾಣುತ್ತದೆ. ಪಾಂಗ್ ಮೊದಲನೆಯದಲ್ಲ. 1971ರಲ್ಲೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಿಲ್ ಪಿಟ್ಸ್ ಮತ್ತು ಹ್ಯೂ ಟಕ್ ಅನ್ನುವ ಇಬ್ಬರು ಗ್ಯಾಲಕ್ಸಿ ಗೇಮ್ ಇಟ್ಟಿದ್ದರು. ಎಂಐಟಿಯಲ್ಲಿ 1962ರಲ್ಲಿ ಹುಟ್ಟಿದ ಸ್ಪೇಸ್‌ವಾರ್ ಆಟವೇ ಅದು. ವಿಯೆಟ್ನಾಂ ಯುದ್ಧದ ಕಾಲ, ಕ್ಯಾಂಪಸ್‌ನಲ್ಲಿ 'ವಾರ್' ಅನ್ನುವ ಹೆಸರು ನಡೆಯುತ್ತಿರಲಿಲ್ಲ. ಒಳಗೆ ಪಿಡಿಪಿ-11 ಕಂಪ್ಯೂಟರ್, ಒಟ್ಟು ಖರ್ಚು ಸುಮಾರು 20,000 ಡಾಲರ್. ಆಟಕ್ಕೆ 10 ಸೆಂಟ್! ಹಾಕಿದ ದುಡ್ಡು ಬರಬೇಕಾದರೆ ಎರಡು ಲಕ್ಷ ಆಟ ಆಗಬೇಕು. ಇದು ವ್ಯಾಪಾರ ಅಲ್ಲ, ಹುಚ್ಚು. ನನಗೆ ಇಷ್ಟವಾಗಿದ್ದೂ ಅದೇ.

ಅದೇ ವರ್ಷ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ಕಂಪ್ಯೂಟರ್ ಸ್ಪೇಸ್ ಮಾಡಿದರು. ಹೆಸರಲ್ಲಿ ಮಾತ್ರ ಕಂಪ್ಯೂಟರ್, ಒಳಗೆ ಬರೀ ಟಿಟಿಎಲ್ ಅನ್ನುವ ಸಾದಾ ಲಾಜಿಕ್ ಚಿಪ್‌ಗಳು. ಸ್ಟ್ಯಾನ್‌ಫರ್ಡ್ ಹುಡುಗರು ಬರುವ ಬಾರ್‌ನಲ್ಲಿ ಓಡಿತು, ಬೇರೆ ಬಾರ್‌ಗಳಲ್ಲಿ ಜನಕ್ಕೆ ಬಟನ್‌ಗಳೇ ಅರ್ಥವಾಗಲಿಲ್ಲ. ಪಾಂಗ್‌ನಲ್ಲಿ ಆ ಗೋಜೇ ಇಲ್ಲ. ಚೆಂಡು ಬಿಡಬೇಡಿ, ಅಷ್ಟೆ.

ಆ ಚೆಂಡಿನಾಟದ ಐಡಿಯಾ ಎಲ್ಲಿಂದ ಬಂತು ಅನ್ನುವುದಕ್ಕೆ ಮಾತ್ರ ಕಾಗದದ ಸಾಕ್ಷಿ ಇದೆ. 1972ರ ಮೇ 24ರಂದು ಬರ್ಲಿಂಗೇಮ್‌ನಲ್ಲಿ ಮ್ಯಾಗ್ನವಾಕ್ಸ್ ಕಂಪನಿಯವರು ಒಡಿಸ್ಸಿ ಅನ್ನುವ ಮನೆ ಆಟದ ಪೆಟ್ಟಿಗೆ ತೋರಿಸಿದರು. ರಾಲ್ಫ್ ಬೇರ್ ಕಂಡುಹಿಡಿದದ್ದು, ಅದರಲ್ಲೂ ಟೆನಿಸ್ ಇತ್ತು. ಅಲ್ಲಿನ ಅತಿಥಿ ಪುಸ್ತಕದಲ್ಲಿ ಬುಶ್ನೆಲ್ ಸಹಿ ಇದೆ. ಮ್ಯಾಗ್ನವಾಕ್ಸ್ ಅಟಾರಿ ಮೇಲೆ ಕೇಸ್ ಹಾಕಿದಾಗ ಆ ಸಹಿ ಕೆಲಸಕ್ಕೆ ಬಂತು, 1976ರಲ್ಲಿ ಅಟಾರಿ ರಾಜಿ ಮಾಡಿಕೊಂಡಿತು. ಬ್ರೆಡ್ ಪ್ಯಾನ್‌ಗೆ ಇಂಥ ಒಂದು ಚೀಟಿ ಸಿಕ್ಕಿದ್ದರೆ ನನ್ನ ಶನಿವಾರ ಉಳಿಯುತ್ತಿತ್ತು, ಅಲ್ವಾ?

ಭಾನುವಾರ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂಗೆ ಹೋದೆ. ಆ ಮೊದಲ ಪಾಂಗ್ ಯಂತ್ರ ಈಗ ಅಲ್ಲಿದೆ. ಅಂದುಕೊಂಡದ್ದಕ್ಕಿಂತ ಚಿಕ್ಕದು. ಪಕ್ಕದಲ್ಲಿ ದುಡ್ಡಿನ ಡಬ್ಬಿ ಬೋಲ್ಟ್ ಹಾಕಿ ಕೂರಿಸಿದ್ದಾರೆ, ಥೇಟ್ ನಮ್ಮ ಲಾಂಡ್ರಿ ರೂಮಿನದರ ಹಾಗೆ. ಬಗ್ಗಿ ನೋಡಿದೆ. ಮುಚ್ಚಿತ್ತು. ಅಷ್ಟರಲ್ಲಿ ಮನೆಯಿಂದ ಮೆಸೇಜು: 'ಕ್ವಾರ್ಟರ್ ಎಲ್ಲಿಟ್ಟಿದ್ದೀರಿ? ಬಟ್ಟೆ ಹಾಕಬೇಕು.'

ಓವನ್‌ನಲ್ಲಿ, ಅಂತ ಬರೆದೆ.