ನಾಚಿಕೆ ಇದ್ದವರು ಹೆಂಗ ಹೇಳೂದ್ರಿ?

"ಮೇಡಂರೀ, ಒಂದ್ ಮಾತ್ ಕೇಳ್ಲೇನ್ರಿ?" ಅಂತ ಶುರುವಾದರೆ ಅದು ಪುಸ್ತಕದ ವಿಷಯ ಅಲ್ಲ ಅಂತ ನನಗೆ ತಿಳಿಯುತ್ತದೆ. ಪುಸ್ತಕ ಬೇಕಾದವರು ನೇರವಾಗಿ ಕೇಳುತ್ತಾರೆ. ವಿಜಯಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುವುದು ನನ್ನ ಕೆಲಸ. ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಕೌಂಟರ್ ಖಾಲಿ ಆಗುವ ತನಕ ಕಾದು ಬರುತ್ತಾರೆ. ಹೆಚ್ಚಿನವರು ಫೈನಲ್ ಇಯರ್ ಹುಡುಗರು. ಕ್ಲಾಸಿನ ಹುಡುಗಿ ಮನಸ್ಸಿಗೆ ಬಂದಿದ್ದಾಳೆ, ಎದುರಿಗೆ ಹೋದರೆ ಬಾಯಿ ಕಟ್ಟುತ್ತದೆ, ಹೆಂಗ ಹೇಳೂದು? ಹುಡುಗಿಯರೂ ಕೇಳುತ್ತಾರೆ. ಅವರು ಮಾತ್ರ "ನಮ್ಮ ಗೆಳತಿಗೆ ಒಬ್ಬಾಂವ..." ಅಂತ ಶುರು ಮಾಡುತ್ತಾರೆ.

ನಾನು ತಿರುಗಿ ಒಂದೇ ಕೇಳುತ್ತೇನೆ: "ಈತನಕಾ ಅಕಿ ಕೂಡ ಏನ್ ಮಾತಾಡಿ?"

"ಏನೂ ಇಲ್ರಿ."

ಎರಡೂವರೆ ವರ್ಷ ಒಂದೇ ಕ್ಲಾಸು. ಅವಳು ಯಾವ ಬಸ್ಸಿಗೆ ಹೋಗುತ್ತಾಳೆ, ಯಾವ ಬಣ್ಣದ ಡ್ರೆಸ್ ಜಾಸ್ತಿ ಹಾಕುತ್ತಾಳೆ ಎಲ್ಲಾ ಗೊತ್ತು. ಒಂದು ಮಾತು ಆಡಿಲ್ಲ. ಅವಳಿಗೆ ಇವನು ಹಿಂದಿನ ಬೆಂಚಿನಿಂದ ನೋಡುವ ಎರಡು ಕಣ್ಣು ಅಷ್ಟೇ. ಅದು ಪ್ರೀತಿ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಹೆದರಿಕೆ ಆಗುತ್ತದೆ, ಅಲ್ವಾ?

ನನ್ನದೇ ಕಥೆ ಹೇಳುತ್ತೇನೆ. ಬಿ.ಕಾಂ. ಓದುವಾಗ ಪರೀಕ್ಷೆ ಮುಗಿದ ದಿನ ಕ್ಲಾಸಿನವರೆಲ್ಲ ಗೋಳಗುಮ್ಮಟಕ್ಕೆ ಹೋಗಿದ್ದೆವು. ಮೂಲೆಯ ಮಿನಾರಿನ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಮೇಲಿನ ಗ್ಯಾಲರಿ ಸೇರಿದೆವು. 1656ರಲ್ಲಿ ಮುಗಿದ ಗುಮ್ಮಟ ಅದು. ಒಳಗಿನ ಅಗಲವೇ ಸುಮಾರು 38 ಮೀಟರ್. ಈ ಕಡೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಗೋಡೆ ಹಿಡಿದೇ ದನಿ ಸುತ್ತಿ ಹೋಗಿ ಆ ಕಡೆ ಕಿವಿಗೆ ಬೀಳುತ್ತದೆ. ನಾನು ಕಿವಿ ಹಚ್ಚಿ ನಿಂತಿದ್ದೆ. ನನ್ನ ಜೊತೆ ಎಂದೂ ಮಾತಾಡದ ಒಬ್ಬ ಹುಡುಗ ಎದುರಿನಿಂದ ನನ್ನ ಹೆಸರು ಹಿಡಿದು ಕರೆದು, "ನೀ ನನಗ ಭಾಳ ಸೇರ್ತಿ" ಅಂದ.

ಪಾಪ, ಅವನ ಲೆಕ್ಕದಲ್ಲಿ ಅದು ಗುಟ್ಟು. ನನ್ನ ಪಕ್ಕ ಇನ್ನೂ ಮೂವರು ಕಿವಿ ಹಚ್ಚಿದ್ದರು! ಒಬ್ಬಳು ಕಿಸಕ್ಕನೆ ನಕ್ಕಳು. ಆ ಗುಮ್ಮಟದಲ್ಲಿ ಒಂದು ಸಲ ನಕ್ಕರೆ ಅದು ಏಳು ಸಲ ನಕ್ಕಂತೆ. ಅವನು ದಡದಡ ಕೆಳಗಿಳಿದು ಹೋದ. ಸಂಜೆ ನಾನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. "ಗೋಳಗುಮ್ಮಟದಾಗ ಏನಾತ ಇವತ್ತ?" ಅಂತ ಅವ್ವ ಬಾಗಿಲಲ್ಲೇ ಕೇಳಿದಳು. ಆಮೇಲೆ ಗೆಳತಿಯರ ಜೊತೆ ಎಲ್ಲಿಗೂ ಕಳಿಸಲಿಲ್ಲ.

ಆ ಹುಡುಗ ಕೆಟ್ಟವನೇನಲ್ಲ. ಕ್ಯಾಂಟೀನಿನಲ್ಲಿ ಬಂದು ಮಾತಾಡಿಸಿದ್ದರೆ ನಾನೂ ಮಾತಾಡುತ್ತಿದ್ದೆನೋ ಏನೋ. ಆದರೆ ಅಷ್ಟು ಜನರ ನಡುವೆ ನಾನು ಹೂಂ ಅನ್ನುವ ಹಾಗಿಲ್ಲ, ಒಲ್ಲೆ ಅನ್ನುವ ಹಾಗೂ ಇಲ್ಲ. ನಾಚಿಕೆ ಅವನದು, ಮನೆಯಲ್ಲಿ ಕೂತಿದ್ದು ನಾನು.

ಅದಕ್ಕೇ ಈ ಹುಡುಗರಿಗೆ ಹೇಳುತ್ತೇನೆ, ಗೆಳೆಯನ ಕೈಯಲ್ಲಿ ಹೇಳಿ ಕಳಿಸಬೇಡಿ. ಕ್ಲಾಸಿನ ವಾಟ್ಸಾಪ್ ಗ್ರೂಪಿನಿಂದ ನಂಬರ್ ತೆಗೆದು ರಾತ್ರಿ ಹನ್ನೊಂದಕ್ಕೆ "ಹಾಯ್" ಹಾಕಬೇಡಿ. ಆ ಫೋನು ಅವಳ ಅಣ್ಣನ ಕೈಯಲ್ಲಿರಬಹುದು. ಪುಸ್ತಕದಲ್ಲಿ ಚೀಟಿ ಇಡುವುದಂತೂ ಬೇಡವೇ ಬೇಡ. ವಾಪಸ್ ಬಂದ ಪುಸ್ತಕಗಳಲ್ಲಿ ನನಗೇ ಮೂರು ಸಿಕ್ಕಿವೆ. ಒಂದರಲ್ಲಿ ಕಾಗುಣಿತ ತಿದ್ದಬೇಕು ಅನ್ನಿಸಿತ್ತು.

ಹಾಗಾದರೆ ಏನು ಮಾಡುವುದು? ಮೊದಲು ಸುಮ್ನೆ ಮಾತಾಡಿ. ನೋಟ್ಸ್ ಕೇಳಿ, ನಿಮ್ಮದು ಕೊಡಿ. ನೆಪ ಬೇಕಾದರೆ ನಮ್ಮ ಕಡೆ ದಸರೆಯೇ ಇದೆಯಲ್ಲ. ಹೋದ ವರ್ಷ ಒಬ್ಬ ಹುಡುಗ, ನಾಲ್ಕು ಜನರ ಮುಂದೆ ಹಾಜರಿ ಹೇಳಲೂ ಬೆವರುವವನು, ರಜೆ ಮುಗಿಸಿ ಬರುವಾಗ ಅಂಗಿ ಜೇಬಿನಲ್ಲಿ ಬನ್ನಿ ಎಲೆ ತಂದಿದ್ದ. ಅರ್ಧ ಒಣಗಿದ್ದವು. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಅಂತ ಮೊದಲು ನನಗೆ ಕೊಟ್ಟ, ಆಮೇಲೆ ಟೇಬಲ್ಲಿನಲ್ಲಿ ಕೂತಿದ್ದ ಎಲ್ಲರಿಗೂ. ಕೊನೆಗೆ ಅವಳಿಗೆ. ಅವಳೂ ಬ್ಯಾಗಿನಿಂದ ಎರಡು ಎಲೆ ತೆಗೆದು ಕೊಟ್ಟಳು. ಎಲ್ಲರಿಗೂ ಕೊಟ್ಟಿದ್ದು, ಯಾರೂ ಏನೂ ಅನ್ನುವ ಹಾಗಿಲ್ಲ. ಅಲ್ಲಿಂದ ಇಬ್ಬರೂ ಮಾತು ಹಚ್ಚಿದರು.

ಎರಡು ತಿಂಗಳಾದ ಮೇಲೆ ರ್‍ಯಾಕ್ ಹಿಂದೆ ಪುಸ್ತಕ ಜೋಡಿಸುತ್ತಿದ್ದೆ. ಕದ್ದು ಕೇಳಲಿಲ್ಲ, ಕಿವಿಗೆ ಬಿತ್ತು. "ನಾಳಿ ಕ್ಯಾಂಟೀನ್‌ದಾಗ ನಾವಿಬ್ರ ಚಾ ಕುಡಿಯೂಣೇನು? ನೀ ನನಗ ಸೇರ್ತಿ, ಅದಕ್ಕ ಕೇಳಿದೆ. ಒಲ್ಲೆ ಅಂದ್ರೂ ನಡೀತದ." ದನಿ ನಡುಗುತ್ತಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಲ್ಲೆಪಾ, ಬ್ಯಾಸರಾ ಮಾಡ್ಕೋಬ್ಯಾಡ" ಅಂದಳು.

ಆ ವಾರ ಅವನು ಲೈಬ್ರರಿ ಕಡೆ ತಲೆ ಹಾಕಲಿಲ್ಲ. ಮುಂದಿನ ಸೋಮವಾರ ಬಂದ. ಅವಳು ಕೂತಿದ್ದ ಟೇಬಲ್ಲಿನ ಇನ್ನೊಂದು ತುದಿಯಲ್ಲಿ ಕೂತ. ಹತ್ತು ನಿಮಿಷಕ್ಕೆ ಅವಳೇ ಅಕೌಂಟ್ಸ್ ನೋಟ್ಸ್ ಅವನ ಕಡೆ ಸರಿಸಿ, "ನಾಕನೇ ಲೆಕ್ಕ ತಾಳೆ ಆಗವಲ್ದು, ನೋಡಲ್ಲಾ" ಅಂದಳು.