ಹಳೆಯ ಲ್ಯಾಪ್‌ಟಾಪ್‌ಗೆ ಅಗ್ಗದ ಎಸ್‌ಎಸ್‌ಡಿ: ಈವರೆಗಿನ ಕೆಲಸದ ದಾಖಲೆ

ಖರೀದಿಗೆ ಮೊದಲು

ಈ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ನಿಮಿಷಕ್ಕೆ 5400 ಸುತ್ತು ತಿರುಗುವ 500 ಜಿಬಿಯ ಹಾರ್ಡ್ ಡಿಸ್ಕ್. ಪರದೆಯೂ ಕೀಲಿಮಣೆಯೂ ಸುಸ್ಥಿತಿಯಲ್ಲಿವೆ, ಪ್ರೊಸೆಸರ್ ನನ್ನ ಬರವಣಿಗೆ ಮತ್ತು ಸಣ್ಣಪುಟ್ಟ ಪ್ರೋಗ್ರಾಮಿಂಗ್ ಕೆಲಸಕ್ಕೆ ಧಾರಾಳವಾಗಿ ಸಾಲುತ್ತದೆ. ಯಂತ್ರ ತಡವರಿಸುವಾಗಲೆಲ್ಲ ಪ್ರೊಸೆಸರ್ ದುಡಿಯುತ್ತಿರಲಿಲ್ಲ, ಡಿಸ್ಕಿನಿಂದ ಮಾಹಿತಿ ಬರುವುದನ್ನು ಕಾಯುತ್ತಿತ್ತು. ಇದನ್ನು ಸಿಸ್ಟಮ್ ಮಾನಿಟರ್‌ನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಡಿಸ್ಕ್ ಬದಲಾಯಿಸುವ ತೀರ್ಮಾನಕ್ಕೆ ಬಂದೆ.

ಲೆಕ್ಕ ಸರಳವಾಗಿದೆ. ನಿಮಿಷಕ್ಕೆ 5400 ಸುತ್ತು ಎಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ತಟ್ಟೆಯಲ್ಲಿ ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ತಲೆ ಸರಿಯಾದ ಪಥಕ್ಕೆ ಸರಿದು ನಿಲ್ಲಬೇಕು. ಎರಡನ್ನೂ ಕೂಡಿದರೆ ಅಲ್ಲಲ್ಲಿ ಚದುರಿದ ಸಣ್ಣ ಕಡತಗಳನ್ನು ಸೆಕೆಂಡಿಗೆ ನೂರು ಬಾರಿ ಓದುವುದೂ ಕಷ್ಟ. ಬೂಟ್ ಆಗುವಾಗ, ಬ್ರೌಸರ್ ತೆರೆಯುವಾಗ ನಡೆಯುವುದು ಬಹುಮಟ್ಟಿಗೆ ಇಂಥ ಓದೇ. ಫ್ಲ್ಯಾಶ್ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಚಲಿಸುವ ತಲೆಯೂ ಇಲ್ಲ. ಅತಿ ಅಗ್ಗದ್ದರಲ್ಲಿಯೂ ಇಂಥ ಒಂದು ಓದಿಗೆ ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿಗಿಂತ ಬಹಳ ಕಡಿಮೆ ಹೊತ್ತು ಸಾಕು.

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವ ಸೆಕೆಂಡಿಗೆ 500 ಎಂಬಿ ಎಂಬ ಸಂಖ್ಯೆಗೆ ನಾನು ಮರುಳಾಗದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಈ ಯಂತ್ರದಲ್ಲಿ ಡಿಸ್ಕನ್ನು ಜೋಡಿಸುವ ಸಾಟಾ ಪೋರ್ಟ್ ಎರಡನೆಯ ತಲೆಮಾರಿನದು, ಅಂದರೆ ಸೆಕೆಂಡಿಗೆ 3 ಗಿಗಾಬಿಟ್. ಆ ಸಂಪರ್ಕದಲ್ಲಿ ಪ್ರತಿ 8 ಬಿಟ್ ಮಾಹಿತಿಯನ್ನು 10 ಬಿಟ್‌ಗಳಾಗಿ ಕಳುಹಿಸುವುದರಿಂದ ಗರಿಷ್ಠ ಮಿತಿ ಸೆಕೆಂಡಿಗೆ 300 ಎಂಬಿ. ಎಷ್ಟೇ ದುಬಾರಿ ಡ್ರೈವ್ ತಂದರೂ ಆ ಮಿತಿಯನ್ನು ದಾಟಲಾಗದು. ಆದ್ದರಿಂದ 240 ಜಿಬಿಯ, ಡಿರ್ಯಾಮ್ (ಡ್ರೈವಿನೊಳಗಿನ ವೇಗದ ತಾತ್ಕಾಲಿಕ ಸ್ಮರಣೆ) ಇಲ್ಲದ, ಟಿಎಲ್‌ಸಿ ಎಂಬ ಫ್ಲ್ಯಾಶ್ ಮಾದರಿಯ ಅಗ್ಗದ ಡ್ರೈವನ್ನೇ ಆರಿಸಿಕೊಂಡೆ. ಡಿರ್ಯಾಮ್ ಇಲ್ಲದಿದ್ದರೆ ಯಾವ ಮಾಹಿತಿ ಎಲ್ಲಿದೆ ಎಂಬ ಪಟ್ಟಿಯ ಬಹುಭಾಗ ಫ್ಲ್ಯಾಶ್‌ನಲ್ಲಿಯೇ ಉಳಿಯುತ್ತದೆ, ಹಾಗಾಗಿ ವಿಶಾಲವಾಗಿ ಚದುರಿದ ಓದು ಮತ್ತು ಬರಹ ಒಂದಿಷ್ಟು ನಿಧಾನವಾಗುತ್ತದೆ. ದಿನನಿತ್ಯದ ಕೆಲಸಕ್ಕೆ ಇದು ಒಪ್ಪಬಹುದಾದ ಕೊರತೆ ಎಂಬುದು ನನ್ನ ಎಣಿಕೆ. ಡೇಟಾಬೇಸ್ ನಡೆಸುವವರು ಬೇರೆ ರೀತಿ ಯೋಚಿಸಬೇಕಾದೀತು.

ಜೋಡಣೆ

ಬ್ಯಾಟರಿ ತೆಗೆದು, ಉಳಿದ ವಿದ್ಯುತ್ ಖಾಲಿಯಾಗಲೆಂದು ಪವರ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಕೆಳಭಾಗದ ಮುಚ್ಚಳ ಬಿಚ್ಚಿದೆ. ಹಳೆಯ ಡಿಸ್ಕಿನ ದಪ್ಪ 9.5 ಮಿಲಿಮೀಟರ್, ಹೊಸದರ ದಪ್ಪ 7 ಮಿಲಿಮೀಟರ್. ಲೋಹದ ಚೌಕಟ್ಟಿಗೆ ಪಕ್ಕದಿಂದ ಸ್ಕ್ರೂ ಬಿಗಿದರೆ ಡ್ರೈವ್ ಅಲುಗಾಡುವುದಿಲ್ಲವಾದ್ದರಿಂದ ಪ್ಲಾಸ್ಟಿಕ್ ಅಂಚುಪಟ್ಟಿಯ ಅಗತ್ಯ ಬೀಳಲಿಲ್ಲ. ಈ ಭಾಗದಲ್ಲಿ ಹೇಳುವಂಥದ್ದು ಇಷ್ಟೇ.

ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಳಾಂತರಿಸುವ ಬಗೆಗೆ ಹೆಚ್ಚು ಯೋಚಿಸಬೇಕಾಯಿತು. ಡಿಸ್ಕನ್ನು ಇಡಿಯಾಗಿ ನಕಲಿಸುವ ಕ್ಲೋನ್‌ಝಿಲ್ಲಾದಂಥ ಸಾಧನಗಳು ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಾಗಿದ್ದರೆ ಸಹಜ ಕ್ರಮದಲ್ಲಿ ನಕಲು ಮಾಡುವುದಿಲ್ಲ. ಮೊದಲು ವಿಭಾಗಗಳನ್ನು ಕುಗ್ಗಿಸಬೇಕು. ವರ್ಷಗಳಿಂದ ಕೂಡಿಕೊಂಡ ಕಸವನ್ನು ಅಷ್ಟು ಶ್ರಮಪಟ್ಟು ಹೊಸ ಡ್ರೈವಿಗೆ ಸಾಗಿಸುವುದರಲ್ಲಿ ಅರ್ಥ ಕಾಣಲಿಲ್ಲ. ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಸಾಟಾ ನಿಯಂತ್ರಕ ಎಎಚ್‌ಸಿಐ ಎಂಬ ಆಧುನಿಕ ಕ್ರಮದಲ್ಲಿದೆ ಎಂಬುದನ್ನು ನೋಡಿಕೊಂಡು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನು ಹೊಸದಾಗಿ ಅನುಸ್ಥಾಪಿಸಿದೆ. ಹಳೆಯ ಡಿಸ್ಕನ್ನು ಯುಎಸ್‌ಬಿ ಕವಚದಲ್ಲಿರಿಸಿ ನನ್ನ ಕಡತಗಳನ್ನು ಮಾತ್ರ ಆರ್‌ಸಿಂಕ್ ಎಂಬ ನಕಲು ಸಾಧನದ ಮೂಲಕ ತಂದುಕೊಂಡೆ. ಅಳಿಸಿದ ಜಾಗದ ಸುದ್ದಿಯನ್ನು ಡ್ರೈವಿಗೆ ತಿಳಿಸುವ ಟ್ರಿಮ್ ಆದೇಶ ವಾರಕ್ಕೊಮ್ಮೆ ತಾನಾಗಿ ಓಡುವಂತೆ ಉಬುಂಟುವಿನಲ್ಲಿ ಮೊದಲೇ ಏರ್ಪಾಡಿರುತ್ತದೆ. ಅದು ಚಾಲ್ತಿಯಲ್ಲಿದೆಯೆಂದು ಪರಿಶೀಲಿಸಿದೆ.

ಅಳತೆ

ಡ್ರೈವ್ ತನ್ನ ಸ್ಥಿತಿಯನ್ನು ತಾನೇ ತಿಳಿಸುವ ಸ್ಮಾರ್ಟ್ ವರದಿ ನಿರೀಕ್ಷೆಯಂತೆಯೇ ಬಂತು: ಡ್ರೈವಿಗೆ ಸಾಧ್ಯವಿರುವ ಸಂಪರ್ಕ ವೇಗ ಸೆಕೆಂಡಿಗೆ 6 ಗಿಗಾಬಿಟ್, ಈಗ ನಡೆಯುತ್ತಿರುವ ಸಂಪರ್ಕ 3 ಗಿಗಾಬಿಟ್. ಸಾಲಾಗಿ ಓದುವ ವೇಗ ಸೆಕೆಂಡಿಗೆ 265 ಎಂಬಿಯ ಆಸುಪಾಸಿನಲ್ಲಿ ನಿಂತಿದೆ. ಎರಡು ನಿಮಿಷಕ್ಕೆ ಸಮೀಪಿಸುತ್ತಿದ್ದ ಬೂಟ್ ಈಗ ಇಪ್ಪತ್ತು ಸೆಕೆಂಡಿನ ಒಳಗೆ ಮುಗಿಯುತ್ತದೆ. ವ್ಯವಸ್ಥೆ ಹೊಸದಾದ್ದರಿಂದ ಈ ಲಾಭದ ಸ್ವಲ್ಪ ಪಾಲು ಅದಕ್ಕೂ ಸೇರಬೇಕು, ಎಲ್ಲವನ್ನೂ ಡ್ರೈವಿನ ಖಾತೆಗೆ ಬರೆಯುವುದು ನ್ಯಾಯವಲ್ಲ.

ಅಗ್ಗದ ಡ್ರೈವಿನ ನಿಜಗುಣ ಕಾಣುವುದು ದೀರ್ಘ ಬರಹದಲ್ಲಿ. ಟಿಎಲ್‌ಸಿಯ ಪ್ರತಿ ಕೋಶದಲ್ಲಿ ಮೂರು ಬಿಟ್ ಹಿಡಿಸುತ್ತದೆ. ಆದರೆ ಮೂರನ್ನು ಬರೆಯುವುದು ನಿಧಾನದ ಕೆಲಸವಾದ್ದರಿಂದ ಡ್ರೈವ್ ಖಾಲಿ ಇರುವ ಒಂದಿಷ್ಟು ಕೋಶಗಳಲ್ಲಿ ಒಂದೊಂದೇ ಬಿಟ್ ಬರೆದು ವೇಗ ತೋರಿಸುತ್ತದೆ, ಬಿಡುವಾದಾಗ ಅದನ್ನು ಒತ್ತಾಗಿ ಜೋಡಿಸುತ್ತದೆ. ಈ ಮೀಸಲು ಜಾಗ ತುಂಬಿದೊಡನೆ ಬಣ್ಣ ಬಯಲಾಗುತ್ತದೆ. ಹಳೆಯ ಡಿಸ್ಕಿನಿಂದ ನಕಲು ಮಾಡುವಾಗ ಇದು ಗೋಚರಿಸಲೇ ಇಲ್ಲ, ಏಕೆಂದರೆ ಅಲ್ಲಿಂದ ಬರುವ ಹರಿವೇ ತೆಳ್ಳಗಿತ್ತು. ಡಿಸ್ಕಿನ ವೇಗ ಅಳೆಯುವ ಎಫ್‌ಐಓ ಸಾಧನದಿಂದ ಬಿಡುವಿಲ್ಲದೆ ಬರೆಸಿದಾಗ ಮೊದಲು ಪೋರ್ಟಿನ ಮಿತಿಯವರೆಗೂ ಓಡಿದ ವೇಗ ಆಮೇಲೆ ನೂರು ಎಂಬಿಗೂ ಕೆಳಗಿಳಿಯಿತು. ಡ್ರೈವ್ ತುಂಬಿದಂತೆಲ್ಲ ಮೀಸಲು ಜಾಗವೂ ಕುಗ್ಗಬಹುದಾದ್ದರಿಂದ ಐದನೆಯ ಒಂದು ಭಾಗವನ್ನು ಖಾಲಿ ಬಿಡುವುದೆಂದು ನಿಶ್ಚಯಿಸಿದ್ದೇನೆ.

ಬಾಳಿಕೆಯ ಬಗ್ಗೆ ನನಗೆ ಅಂಥ ಆತಂಕವಿಲ್ಲ. ತಯಾರಕರು ಹೇಳುವ ಒಟ್ಟು ಬರಹದ ಮಿತಿ 80 ಟಿಬಿ. ದಿನಕ್ಕೆ 20 ಜಿಬಿ ಬರೆದರೂ ಅದು ಹತ್ತು ವರ್ಷಕ್ಕೂ ಮೀರುತ್ತದೆ. ಎಸ್‌ಎಸ್‌ಡಿ ಕೆಡುವಾಗ ಹಾರ್ಡ್ ಡಿಸ್ಕಿನಂತೆ ಟಕಟಕ ಸದ್ದು ಮಾಡಿ ಎಚ್ಚರಿಸುವುದಿಲ್ಲ ಎಂಬುದೇ ಹೆಚ್ಚು ಚಿಂತೆಯ ವಿಷಯ. ಹಾಗಾಗಿ ಹಳೆಯ ಡಿಸ್ಕನ್ನು ಅದರ ಯುಎಸ್‌ಬಿ ಕವಚದಲ್ಲಿಯೇ ಉಳಿಸಿ, ಬ್ಯಾಕಪ್‌ಗೆ ಮೀಸಲಿಟ್ಟಿದ್ದೇನೆ.

ಬಾಕಿ

4 ಜಿಬಿ ರ್ಯಾಮ್ ತುಂಬಿ ಸ್ವಾಪ್ (ರ್ಯಾಮ್ ಸಾಲದಾದಾಗ ಡ್ರೈವಿನಲ್ಲಿ ಬಳಸುವ ಜಾಗ) ಬಳಕೆಯಾಗುವಾಗ ಮೊದಲಿನಂತೆ ಯಂತ್ರ ಸ್ತಬ್ಧವಾಗುವುದಿಲ್ಲ, ಆದರೆ ಆ ಬರಹವೆಲ್ಲ ಈಗ ಡ್ರೈವಿನ ಮೇಲೆ ಬೀಳುತ್ತಿದೆ. ಸ್ಮಾರ್ಟ್ ವರದಿಯಲ್ಲಿ ಒಟ್ಟು ಬರಹದ ಅಂಕಿಯನ್ನು ಒಂದು ತಿಂಗಳು ಗಮನಿಸಿ, ಅದು ದಿನಕ್ಕೆ 20 ಜಿಬಿಯನ್ನು ಮೀರಿದರೆ ಇನ್ನೊಂದು ರ್ಯಾಮ್ ಪಟ್ಟಿ ಹಾಕುತ್ತೇನೆ. ಮೀರದಿದ್ದರೆ ಯಂತ್ರದ ಮುಚ್ಚಳವನ್ನು ಮತ್ತೆ ಬಿಚ್ಚುವುದಿಲ್ಲ.