ಗಾಡಿಯಾಗಿನ ಟಿಕ್ ಟಿಕ್

14 ಜುಲೈ 2019, ರವಿವಾರ. ಪುಣೆ, ಧನಕವಡಿ. ರಾತ್ರಿ 12.40

ಕೈಗೆ ಇನ್ನೂ ಎಣ್ಣಿ ಜಿಡ್ಡು ಐತಿ, ಫೋನಿನ ಸ್ಕ್ರೀನೆಲ್ಲಾ ಕರ್ರಗಾಗೇತಿ, ಆದ್ರೂ ಬರದ ಮಲಗ್ತೀನಿ. ಮುಂಜಾನೆ ಎದ್ದ ಮ್ಯಾಲ ಅರ್ಧಾ ಮರತಿರ್ತೈತಿ. ಮೂರು ವಾರದಿಂದ ತಲಿ ತಿಂದಿದ್ದ ಗಾಡಿ ರೇಡಿಯೋದಾಗಿನ ಸಪ್ಪಳದ ಬೇರು ಇವತ್ತ ಸಿಕ್ತು.

ಗಾಡಿ ಅಂದ್ರ ಅಪ್ಪನ ಮಾರುತಿ 800. 1997ರದು, ಕೆಎ-25 ನಂಬರಿಂದು, ಮೂರು ಸಿಲಿಂಡರ್, ಕಾರ್ಬ್ಯುರೇಟರ್. ಅಪ್ಪ ಹಾಕಿಸಿದ್ದ ಕ್ಯಾಸೆಟ್ ಪ್ಲೇಯರ್ ಇನ್ನೂ ಅದರಾಗ ಐತಿ, ಕ್ಯಾಸೆಟ್ ಹಾಕಿದ್ರ ಟೇಪ್ ನುಂಗಿಬಿಡ್ತೈತಿ, ಆದ್ರ ರೇಡಿಯೋ ಮಾತ್ರ ಭಾಳ ಚಲೋ. ಕತ್ತಲಾದ ಮ್ಯಾಲ ಮೀಡಿಯಂ ವೇವಿನ್ಯಾಗ ಮುಳ್ಳು 765ಕ್ಕ ತಂದ್ರ ಧಾರವಾಡ ಆಕಾಶವಾಣಿ ಹಿಡೀತೈತಿ, ಬಾಜೂಕ 792ರಾಗ ಪುಣೆ ಸ್ಟೇಷನ್ ಕುಂತಿರ್ತೈತಿ, ಅದನ್ನ ತಪ್ಪಿಸಿ ಕೂದಲಿನಷ್ಟು ಹಿಂದ ತಿರುವಬೇಕು. ಆಫೀಸಿನಿಂದ ಬರೂಮುಂದ ಸ್ವಾರಗೇಟ್‌ನಿಂದ ಇತ್ತಾಗ ಟ್ರಾಫಿಕ್ಕಿನ್ಯಾಗ ಸಿಕ್ಕೊಂಡು ಅದನ್ನ ಕೇಳೂದು ನನ್ನ ಚಟ. ನಮ್ಮಾಕಿ ಅದಕ್ಕ "ನಿಮ್ಮ ತವರುಮನಿ ಫೋನು" ಅಂತಾಳ.

ಮಳಿ ಶುರುವಾದಾಗಿಂದ ಆ ಫೋನಿನ್ಯಾಗ ಎರಡು ಥರಾ ಗದ್ದಲ. ಒಂದು ಕುಂಯ್ ಅಂತ, ಆಕ್ಸಿಲರೇಟರ್ ಒತ್ತಿದ್ರ ಸೊಳ್ಳಿ ಕಿವಿ ಹತ್ರ ಬಂದಂಗ ದನಿ ಏರತಿತ್ತು. ಇನ್ನೊಂದು ಟಿಕ್ ಟಿಕ್ ಟಿಕ್, ಇದೂ ಎಂಜಿನ್ ಜೋಡಿ ಓಡತಿತ್ತು, ಆದ್ರ ಒಂದಿನ ಬರ್ತಿತ್ತು, ಎರಡು ದಿನ ಇಲ್ಲ, ಮತ್ತ ಬರ್ತಿತ್ತು, ಇಪ್ಪತ್ತು ಮಿನಿಟು ಓಡಿಸಿದ್ರ ತಾನ ಹೋಗತಿತ್ತು. ಇಂಥಾದ್ದನ್ನ ಮಿಸ್ತ್ರಿ ಮುಂದ ತಗೊಂಡು ಹೋದ್ರ ಏನಾಗ್ತೈತಿ ಅಂತ ಎಲ್ಲಾರಿಗೂ ಗೊತ್ತು. ಅಂವ ಬಿಸಲಾಗ ಗಾಡಿ ನಿಲ್ಲಿಸಿ ಎಫ್‌ಎಂ ಹಚ್ಚಿದಾ, ಹಿಂದಿ ಹಾಡು ಸ್ವಚ್ಛ ಬಂತು, "ಕಾಹೀ ನಾಹೀ ಸಾಹೇಬ್" (ಏನೂ ಇಲ್ಲ ಸಾಹೇಬ್ರ) ಅಂದಾ. ಎಂಜಿನ್ ಕಿಡಿಯ ಇಂಥಾ ಗದ್ದಲ ರೇಡಿಯೋ ಅಲೆಯ ಎತ್ತರದ ಮ್ಯಾಲ ಏರಿ ಕೂಡತೈತಿ, ಎಫ್‌ಎಂ ಎತ್ತರ ನೋಡಂಗೇ ಇಲ್ಲ, ಅದಕ್ಕ ಎಫ್‌ಎಂನ್ಯಾಗ ಇದು ಕೇಳೂದು ಕಡಿಮಿ, ಎಎಂನ್ಯಾಗ (ಮೀಡಿಯಂ ವೇವ್ ಅಂದ್ರ ಅದ) ಪೂರಾ ಕೇಳತೈತಿ. ಇದನ್ನ ನನ್ನ ಹರಕುಮುರುಕು ಮರಾಠಿಯೊಳಗ ಅವಗ ಹೇಳಾಕ ಹೋದೆ. ಹೊಸಾ ಯುಎಸ್‌ಬಿ ಸ್ಟೀರಿಯೋ ಹಾಕ್ಕೋರಿ ಅಂದಾ. ಸುಮ್ನ ಮನಿಗೆ ಬಂದೆ.

ಕುಂಯ್ ಅನ್ನೂದು ಹೋದ ವಾರನ ಹೋತು, ಅದರದೇನೂ ದೊಡ್ಡ ಕಥಿ ಇಲ್ಲ. ಎಂಜಿನ್‌ನಿಂದ ಬಾಡಿಗೆ ಒಂದು ಹೆಣದ ತಾಮ್ರದ ಅರ್ಥಿಂಗ್ ಪಟ್ಟಿ ಇರ್ತೈತಿ, ಅದರ ಬೋಲ್ಟಿನ ಕೆಳಗ ಹಸರ ಕಿಲಬು, ಸ್ಯಾಂಡ್‌ಪೇಪರ್‌ಲೆ ತಿಕ್ಕಿ ಬಿಗದೆ, ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರಿನ ಸೊಳ್ಳಿ ಸತ್ತುಹೋತು. ಖುಷಿಯಾಗಿ ಪೇಡೆ ತಂದೆ. ಮರುದಿನ ಮಳ್ಯಾಗ ಹೊಂಟೆ, ಟಿಕ್ ಟಿಕ್.

ಆಮ್ಯಾಲ ಮಾಡಿದ್ದೆಲ್ಲಾ ನೆನಸಿದ್ರ ನಗು ಬರ್ತೈತಿ. ಕಿಡಿಗೆ ಬೇಕಾದ ಹೈ ವೋಲ್ಟೇಜ್ ಮಾಡೋ ಕಾಯಿಲಿನ ಪ್ಲಸ್ ಕಡೆ ಗದ್ದಲ ತಡಿಯಾಕ ಒಂದು ಕಂಡೆನ್ಸರ್ ಹಾಕಿದೆ (ಮೈನಸ್ ಕಡೆ ಹಾಕಬ್ಯಾಡ್ರಿ, ಕಿಡಿನ ಸತ್ತುಹೋಗ್ತೈತಿ), ಏನೂ ಫರಕ್ ಆಗಲಿಲ್ಲ. ಆಮ್ಯಾಲ ಬುದ್ಧಿ ಬಂದು ಗದ್ದಲ ಇದ್ದಾಗನ ರೇಡಿಯೋದ ಹಿಂದಿನ ಆಂಟೆನಾ ಪಿನ್ ಜಗ್ಗಿ ನೋಡಿದೆ. ಟಿಕ್ ಟಿಕ್ ಪೂರಾ ಬಂದ್. ಅಂದ್ರ ಅದು ವೈರಿಂಗ್‌ನಿಂದ ಬರೂದಲ್ಲ, ಗಾಳಿಯಿಂದ ಆಂಟೆನಾದಾಗ ಬರೂದು. ಇದನ್ನ ಮೊದಲ ಮಾಡಿದ್ರ ಕಂಡೆನ್ಸರಿನ ರೊಕ್ಕ ಉಳಿತಿತ್ತು. ಆಮ್ಯಾಲ ಪ್ಲಗ್ಗಿಗೆ ಕಿಡಿ ಒಯ್ಯೋ ವೈರು ಒಂದೊಂದ ಬಿಚ್ಚಿ ಮಲ್ಟಿಮೀಟರ್ ಹಚ್ಚಿದೆ, ಕಾಯಿಲಿನದೂ ಸೇರಿ ನಾಕೂ ಸರಿ ರೀಡಿಂಗ್. ಮೀಟರ್ ಸರಿ ಅಂದ ಮ್ಯಾಲ ನಂಬಬೇಕಲ್ಲಾ, ನಂಬಿದೆ. ಅಲ್ಲೇ ನಾ ಮೋಸ ಹೋದೆ. ಮೀಟರ್ ಅಳದದ್ದು ವೈರಿನ ಒಳಗಿನ ಎಳಿ, ಮ್ಯಾಲಿನ ರಬ್ಬರ್ ಹೆಂಗೈತಿ ಅಂತ ಅದಕ್ಕೇನು ಗೊತ್ತು, ಒಂಬತ್ತು ವೋಲ್ಟ್ ಬ್ಯಾಟರಿ ಮೀಟರಿಗೂ ಹದಿನೈದು ಇಪ್ಪತ್ತು ಸಾವಿರ ವೋಲ್ಟ್ ಕಿಡಿಗೂ ಎಲ್ಲಿಂದೆಲ್ಲಿಗೆ.

ನಿನ್ನೆ ಗಣೇಶನಗರದ ಕಾಕಾ ಬಂದಿದ್ರು. ಗದಗ ಕಡೆಯವರು, ಮಿಲಿಟರಿ ಸಿಗ್ನಲ್ಸಿನ್ಯಾಗ ಇದ್ದವರು, ಇಲ್ಲೇ ನೆಲಸಿದವರು. ಅವಲಕ್ಕಿ ತಿನಕೋತ ನನ್ನ ಪುರಾಣ ಎಲ್ಲಾ ಕೇಳಿ ಅಂದ್ರು, "ತಮ್ಮಾ, ಮಾರ್ಕೋನಿ 1901ರಾಗ ರೇಡಿಯೋ ಸಿಗ್ನಲ್ ಅಟ್ಲಾಂಟಿಕ್ ಸಮುದ್ರ ದಾಟಿಸಿದ್ದು ಕಿಡಿ ಹಾರಿಸಿನ. ಅದಕ್ಕೂ ಮೊದಲ ನಮ್ಮ ಜಗದೀಶಚಂದ್ರ ಬೋಸರು ಕಲಕತ್ತಾದಾಗ ಕಿಡಿಲೇನ ದೂರದ ಗಂಟಿ ಬಾರಿಸಿ ತೋರಿಸಿದ್ರು. ನಿನ್ನ ಬಾನೆಟ್ಟಿನ ಕೆಳಗೂ ಅಂಥಾದ್ದ ಒಂದು ಸ್ಟೇಷನ್ ನಡದೈತಿ, ಲೈಸನ್ಸ್ ಇಲ್ಲದ್ದು."

"ಆದ್ರ ಕಾಕಾ, ಒಂದೊಂದ ದಿನ ಯಾಕ ರೀ ಬರ್ತೈತಿ?"

"ಟಿಕ್ ಎಣಿಸಿಯೇನು?"

ಎಣಿಸಿರಲಿಲ್ಲ. ಎಣಿಸಬೇಕು ಅಂತ ಹೊಳದೂ ಇರಲಿಲ್ಲ. ಲೆಕ್ಕ ಅವರ ಹಾಕಿ ಕೊಟ್ರು. ಐಡಲಿನ್ಯಾಗ ಎಂಜಿನ್ ಮಿನಿಟಿಗೆ ಸುಮಾರು 900 ಸುತ್ತು ಅಂತ ಹಿಡಿ, ಸೆಕೆಂಡಿಗೆ 15. ಒಂದೊಂದ ಸಿಲಿಂಡರಿಗೆ ಎರಡು ಸುತ್ತಿಗೊಂದು ಕಿಡಿ, ಅಂದ್ರ ಸೆಕೆಂಡಿಗೆ ಏಳೂವರೆ. ಮೂರೂ ಸೇರಿ 22ರ ಮ್ಯಾಲ. ಕಾಯಿಲಿನ ವೈರೋ, ಕಿಡಿನ ಮೂರೂ ಪ್ಲಗ್ಗಿಗೆ ಹಂಚೋ ಡಿಸ್ಟ್ರಿಬ್ಯೂಟರಿನ ತಿರುಗೋ ರೋಟರೋ ಕೆಟ್ಟಿದ್ರ ಎಲ್ಲಾ ಕಿಡಿನೂ ಅಲ್ಲೇ ಹಾಯಬೇಕು, ಗುರ್ರ್ ಅಂತ ಒಂದ ಸಮ ಕೇಳತೈತಿ. ಒಂದ ಪ್ಲಗ್ಗಿನ ವೈರ್ ಇದ್ರ ಬಿಡಿ ಬಿಡಿ ಟಿಕ್. ಇವತ್ತ ಮುಂಜಾನೆ ಹಾಲು ತರಾಕ ಹೋದಾಗ ಮಳಿ, ಗಾಡಿ ತೊಯ್ದಿತ್ತು, ಟಿಕ್ ಶುರುವಾತು, ಫೋನಿನ್ಯಾಗ ರೆಕಾರ್ಡ್ ಮಾಡಿ ಅರ್ಧಾ ಸ್ಪೀಡಿಗೆ ಹಾಕಿ ಎಣಿಸಿದೆ. ನಾಕು ಸೆಕೆಂಡಿಗೆ 29, ಇನ್ನೊಮ್ಮೆ ಎಣಿಸಿದಾಗ 30. ಅಂದ್ರ ಸೆಕೆಂಡಿಗೆ ಸುಮಾರು ಏಳೂವರೆ. ಒಂದ ವೈರು!

ಮಳಿ ಬಂದಾಗ ಗಾಡಿ ಸ್ವಲ್ಪ ಎಳದಂಗ ಆಗತಿತ್ತು, ಅದನ್ನ ನಾ ಕಾರ್ಬ್ಯುರೇಟರ್ ತಲಿಗೆ ಕಟ್ಟಿದ್ದೆ, ಪಾಪ. ಮೂರು ವಾರ ಹುಡುಕಿದ್ದೆಲ್ಲಾ ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗಿನ್ಯಾಗ, ಒಣಾ ಗಾಡಿ ಮುಂದ ಕುಂತು. ಅದು ಬರೂದು ಹಸಿಯಾದಾಗ, ನಾ ಹುಡುಕೂದು ಒಣಗಿದಾಗ.

ರಾತ್ರಿ ಹತ್ತಕ್ಕ ಕಾಕಾನ್ನ ಕರಕೊಂಡು ಕೆಳಗ ಇಳಿದೆ. ಇಡೀ ಬಿಲ್ಡಿಂಗ್ ಟಿವಿ ಮುಂದ ಇತ್ತು, ಲಾರ್ಡ್ಸಿನ್ಯಾಗ ವರ್ಲ್ಡ್ ಕಪ್ ಫೈನಲ್. ನಮ್ಮವರು ಬುಧವಾರನ ಸೋತು ಹೊರಗ ಬಿದ್ದಾರ, ನನಗೇನು ಅದರಾಗ ಮನಸಿರಲಿಲ್ಲ. ಪಾರ್ಕಿಂಗಿನ ಟ್ಯೂಬ್‌ಲೈಟ್ ಆರಿಸಿದೆ, ವಾಚ್‌ಮನ್ ಮಾಮಾ ಏನೋ ಕಳವು ನಡದೈತಿ ಅನ್ನೂಹಂಗ ನೋಡಿದ. ಎಂಜಿನ್ ಶುರು, ರೇಡಿಯೋ 765. ಧಾರವಾಡ ಬರಾಕತ್ತಿತ್ತು, ಟಿಕ್ ಇಲ್ಲ. ನಮ್ಮಾಕಿ ಇಸ್ತ್ರಿಗೆ ನೀರು ಸಿಂಪಡಿಸೋ ಬಾಟಲಿ ತಂದಿದ್ದೆ (ಕೇಳದ ತಂದೆ, ನಾಳಿ ಬೈಸ್ಕೋಬೇಕು). ಕಾಕಾ ಎಡಗೈ ಪ್ಯಾಂಟಿನ ಕಿಸೆದಾಗ ಇಟ್ಕೊಂಡು ಬಲಗೈಲೆ ಸಿಂಪಡಿಸಾಕ ನಿಂತ್ರು. ಒಂದು ಕೈ ಕಿಸೆದಾಗ ಇರಬೇಕಂತ, ಆಗ ಹೊಡತ ಎದಿ ದಾಟಿ ಹೋಗಂಗಿಲ್ಲ, ಹಳೇ ರೂಢಿ. ನನಗೂ ಹಂಗ ನಿಲ್ಲು ಅಂದ್ರು.

ಮೊದಲ ವೈರಿಗೆ ಸಣ್ಣ ಮಂಜು. ಏನಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪಿಗೆ, ಏನಿಲ್ಲ. ನಡುವಿನ ಸಿಲಿಂಡರಿನ ವೈರಿಗೆ ಸಿಂಪಡಿಸಿದ್ದೇ ತಡ, ರೇಡಿಯೋದಾಗ ಟಿಕ್ ಟಿಕ್ ಶುರು, ಅದರ ತಾಳಕ್ಕ ಸರಿಯಾಗಿ ವೈರಿನ ಕೆಳಗ ನೀಲಿ ದಾರದಂಥಾ ಒಂದು ಕಿಡಿ ಕುಣಿಯಾಕತ್ತಿತ್ತು. ಹತ್ತಿರ ಕಿವಿ ಕೊಟ್ರ ಗಾಡಿಯಿಂದನೂ ಚಿಟ್ ಚಿಟ್ ಕೇಳತಿತ್ತು, ಎಂಜಿನ್ ಸಪ್ಪಳದಾಗ ಇಷ್ಟು ದಿನ ಮುಚ್ಚಿಹೋಗಿತ್ತು. ವೈರುಗಳನ್ನ ಎತ್ತಿ ಹಿಡಿಯೋ ಪ್ಲಾಸ್ಟಿಕ್ ಕ್ಲಿಪ್ ಯಾವಾಗೋ ಮುರದೈತಿ, ವೈರು ಜಾರಿ ಕಬ್ಬಿಣದ ಬ್ರಾಕೆಟ್ ಮ್ಯಾಲ ಕುಂತೈತಿ, ನಡಗಿ ನಡಗಿ ರಬ್ಬರ್ ಸವದೈತಿ. ಒಣಗಿದ್ರ ತಡೀತಿತ್ತು, ಹಸಿಯಾದ್ರ ಕಿಡಿ ಪ್ಲಗ್ಗಿಗೆ ಹೋಗೂದು ಬಿಟ್ಟು ಬ್ರಾಕೆಟ್ಟಿಗೆ ಹಾರತಿತ್ತು. ಎಂಜಿನ್ ಕಾವಿಗೆ ಇಪ್ಪತ್ತು ಮಿನಿಟಿನ್ಯಾಗ ಆರತಿತ್ತು, ಸಪ್ಪಳನೂ ಹೋಗತಿತ್ತು.

ನಾನೂ ಕಾಕಾನೂ ಒಂದೈದು ಮಿನಿಟು ಸುಮ್ನ ಅದನ್ನ ನೋಡಕೋತ ನಿಂತಿದ್ವಿ. ಭಾಳ ಚಂದಿತ್ತು, ಖರೇ ಹೇಳಬೇಕಂದ್ರ.

ಎಂಜಿನ್ ಬಂದ್ ಮಾಡಿ, ಆರೂ ತನಕ ಕಾದು, ಸೈಕಲ್ ಟ್ಯೂಬಿನ ತುಂಡು ಸೀಳಿ ವೈರಿಗೆ ಸುತ್ತಿ, ಜಿಪ್ ಟೈ ಹಾಕಿ ಬ್ರಾಕೆಟ್ಟಿನಿಂದ ಎರಡು ಬೊಟ್ಟು ದೂರ ಎತ್ತಿ ಕಟ್ಟಿದೆ. ಇದು ನಾಳಿ ತನಕ ಅಷ್ಟ, ನಾಳಿ ನಾನಾ ಪೇಠಕ್ಕ ಹೋಗಿ ಪೂರಾ ಸೆಟ್ ವೈರು ತರಬೇಕು, ಒಂದ ಸವದಿದ್ರ ಉಳದವೇನು ಹೊಸಾವೇನಲ್ಲ. ಪ್ಲಗ್ಗೂ ನೋಡಬೇಕು, ಈಗಿನವು ರೇಡಿಯೋ ಗದ್ದಲ ತಡಿಯೋ ರೆಸಿಸ್ಟರ್ ಇಲ್ಲದ್ದು ಕಾಣ್ತಾವ, ಯಾರೋ ಸೋವಿದ್ದು ಹಾಕಿ ಕೈ ತೊಳಕೊಂಡಾರ.

ಅಷ್ಟರಾಗ ಹನ್ನೆರಡರ ಸುಮಾರು ಮ್ಯಾಲಿಂದ ಹೋ ಅಂತ ಗದ್ದಲ, ಮೂರನೇ ಮಾಳಿಗೆ ಹುಡುಗ ಬಾಲ್ಕನಿಯಿಂದ ಒದರಿದ, ಸೂಪರ್ ಓವರೂ ಟೈ, ಬೌಂಡರಿ ಎಣಿಸಿ ಇಂಗ್ಲೆಂಡ್ ಗೆದ್ದೈತಿ ಅಂತ. ಕಾಕಾ "ಅವರೂ ಎಣಿಸೇ ಹಿಡದ್ರು ನೋಡು" ಅಂದು ನಕ್ರು.

ಮತ್ತ ಎಂಜಿನ್ ಶುರು ಮಾಡಿ, ಬಾಟಲಿ ತಳದಾಗಿನ ನೀರೆಲ್ಲಾ ಖಾಲಿ ಮಾಡಿ, ರೇಡಿಯೋ ಹಚ್ಚಿದೆ. ಧಾರವಾಡ ಸ್ಟೇಷನ್ ಆಗಲೇ ಬಂದ್ ಆಗಿತ್ತು. 765ರಾಗ ಬರೇ ಸ್ ಅಂತ ಖಾಲಿ ಸಪ್ಪಳ. ದನಿ ಪೂರಾ ಏರಿಸಿ ಇಬ್ಬರೂ ಕಿವಿ ಕೊಟ್ಟು ಕುಂತ್ವಿ, ಟಿಕ್ ಇಲ್ಲ. ಕಾಕಾನ್ನ ಮನಿಗೆ ಬಿಟ್ಟು ಬಂದೆ, ದಾರ್ಯಾಗೂ ಮಳಿ, ದಾರ್ಯಾಗೂ ಇಲ್ಲ.

ಮುಂಜಾನೆ ಆರಕ್ಕ ಅಲಾರಾಂ ಇಟ್ಟೀನಿ. ಬಿಸಲೇರಿದ್ರ ಅಷ್ಟು ದೂರದ್ದು ಹಿಡಿಯಂಗಿಲ್ಲ, ಪೂರಾ ಬೆಳಕಾಗೂದರೊಳಗ ಒಮ್ಮೆ ಗಾಡ್ಯಾಗ ಕುಂತು ಧಾರವಾಡ ಕೇಳಬೇಕು.